ಮಿಣುಕು ಎಣಿಸುವ ಡಬ್ಬಿ

2025ರ ನವೆಂಬರ್ 10, ಸೋಮವಾರ, ಬೆಳಿಗ್ಗೆ 10.20ಕ್ಕೆ ತೆಲುಗು ಸೀಮೆಯ ಕನ್ನಡ ಗಡಿಯಲ್ಲಿರುವ ಕಾವಲಿಗುಡ್ಡ ಠಾಣೆಗೆ ಇಬ್ಬರು ದೂರು ಹೊತ್ತು ಬಂದರು. ಮುಂದೆ ಬಂದವಳು ದೀಪಿಕಾ, ಗಾಳಿಯಲ್ಲಿನ ವಿಕಿರಣ ಅಳೆಯುವ ವಿಜ್ಞಾನಿ, ಮೈಸೂರಿನ ಕಡೆಯವಳು. ಹಿಂದೆ ಬಂದವನು ಸುಜಯೀಂದ್ರ, ಆಕೆಯ ಕೈಕೆಳಗಿನ ಸಹಾಯಕ, ಆದೋನಿಯವನು. ವಯಸ್ಸು ಐವತ್ತೆರಡು, ಹಣೆಯ ಮೇಲೆ ಅಂಗಾರದ ಕಪ್ಪು ಗೆರೆ, ಹೆಗಲಿಗೆ ಒಂದು ಚೀಲ. ಕುರ್ಚಿ ತೋರಿಸಿದರೂ ಆತ ಕೂರಲಿಲ್ಲ.

ಎಸ್.ಐ. ಲಕ್ಷ್ಮಿಕಾಂತನೂ ಕೂರಲಿಲ್ಲ, ಆ ಮಾತು ಬೇರೆ. ಮೇಜಿನ ಸುತ್ತ ತಿರುಗುತ್ತಲೇ ದೂರು ಕೇಳುವ ಮನುಷ್ಯ ಅವನು. ಠಾಣೆಯವರು ಅವನ ಬೆನ್ನ ಹಿಂದೆ ಗಾಣದ ಎತ್ತು ಎಂದು ಆಡಿಕೊಳ್ಳುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಆದರೂ ತಿರುಗುವುದು ಬಿಟ್ಟಿರಲಿಲ್ಲ.

“ಏನು ಕಳುವಾಗಿದೆ?”

“ಗುಡ್ಡದ ಮೇಲಿನ ಕಬ್ಬಿಣದ ಪೆಟ್ಟಿಗೆಯಿಂದ ಗಾಳಿ ಎಳೆಯೋ ಪಂಪು,” ದೀಪಿಕಾ ಹೇಳಿದಳು. “ಬೀಗ ಕತ್ತರಿಸಿದಾರೆ.”

“ಒಂದು ಪಂಪಿಗೆ ಇಷ್ಟು ದೂರ ಬಂದಿರಾ?”

ದೀಪಿಕಾಳಿಗೆ ಸಿಟ್ಟು ಬಂತು. “ಸರ್, ಇಲ್ಲಿ ಅಣು ಇಂಧನ ಘಟಕ ಬರುತ್ತೆ ಅಂತಿದಾರಲ್ಲ, ಅದು ಬರೋ ಮೊದಲು ಈ ಗಾಳಿಯಲ್ಲಿ ಏನಿತ್ತು ಅಂತ ಒಂದು ವರ್ಷ ಬರೆದಿಡಬೇಕು. ಆ ಲೆಕ್ಕ ಇಲ್ಲದಿದ್ದರೆ ನಾಳೆ ಘಟಕದಿಂದ ಏನು ಸೋರಿದರೂ ‘ಮೊದಲಿಂದಲೇ ಇತ್ತು’ ಅಂತ ಕೈ ತೊಳ್ಕೋತಾರೆ. ಹದಿನಾಲ್ಕಕ್ಕೆ ಜನರ ಮುಂದೆ ವಿಚಾರಣೆ ಇದೆ.”

ಕೆಲಸ ಹೇಗೆ ನಡೆಯುತ್ತದೆ ಎಂದು ಆಕೆ ಬಿಡಿಸಿ ಹೇಳಿದಳು. ಪಂಪು ಇಡೀ ದಿನ ಗಾಳಿಯನ್ನು ಒಂದು ಬಿಳಿ ಕಾಗದದ ಮೂಲಕ ಎಳೆಯುತ್ತದೆ, ಧೂಳು ಕಾಗದಕ್ಕೆ ಅಂಟುತ್ತದೆ. ಬೆಳಿಗ್ಗೆ ಏಳಕ್ಕೆ ಸುಜಯೀಂದ್ರ ಆ ಕಾಗದ ತೆಗೆದು, ತನ್ನ ಚೀಲದಲ್ಲಿರುವ ಕತ್ತಲ ಡಬ್ಬಿಯೊಳಗೆ ಇಡುತ್ತಾನೆ. ಡಬ್ಬಿಯಲ್ಲಿ ಪುಡಿ ಬಳಿದ ಒಂದು ಪರದೆ ಇದೆ. ಧೂಳಿನಲ್ಲಿ ವಿಕಿರಣವಿದ್ದರೆ ಪರದೆ ಮಿಣುಕುತ್ತದೆ. ಯಂತ್ರದ ಕಣ್ಣು ಆ ಮಿಣುಕು ಎಣಿಸುತ್ತದೆ, ಬೇಕಾದರೆ ನಾವೂ ಭೂತಗನ್ನಡಿಯಲ್ಲಿ ಇಣುಕಿ ನೋಡಬಹುದು. ಆಮೇಲೆ ಕಾಗದ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಬೆಳಕು ಹಾಯಿಸಿ ಎಷ್ಟು ಕಪ್ಪು ಹಿಡಿದಿದೆ ಎಂದು ಅಳೆಯುತ್ತಾರೆ.

ಲಕ್ಷ್ಮಿಕಾಂತ್ ಸುಜಯೀಂದ್ರನ ಕಡೆ ತಿರುಗಿದ. “ಕೊನೆಗೆ ಪಂಪು ನೋಡಿದ್ದು ಯಾವಾಗ?”

“ನಿನ್ನೆ ಮುಂಜಾನೆ ಏಳಕ್ಕರಿ. ಎಲ್ಲಾ ಸರಿ ಇತ್ತು. ಇವತ್ತು ಮೇಡಂ ತಪಾಸಣಿಗೆ ಬರ್ತೇನಿ ಅಂದ್ರು, ನಾ ಮೊದಲೇ ಹೋಗಿ ನೋಡಿದ್ರ ಬೀಗ ಮುರದದ.”

“ಯಾರ ಮೇಲಾದರೂ ಅನುಮಾನ?”

ಆತ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. “ಅಲ್ಲಿ ಯರ್ರೆಪ್ಪ ಅಂತ ಒಬ್ಬಾಂವ ಕುರಿ ಮೇಯಸ್ತಾನ. ‘ಈ ಡಬ್ಬಿ ಯಾಕ ಇಟ್ಟೀರಿ, ನಮ್ಮ ಗುಡ್ಡ ಕಸಗೊಳ್ಳಾಕೇನು’ ಅಂತ ಜಗಳಾಡಿದ್ದ.”

ಭಾರತೀಯ ನ್ಯಾಯ ಸಂಹಿತೆಯ 303(2)ರ ಅಡಿ ಕಳ್ಳತನದ ಎಫ್.ಐ.ಆರ್. ನಂ. 87 ದಾಖಲಾಯಿತು. ದೂರು ತೆಲುಗಿನಲ್ಲಿ, ಸಹಿ ದೀಪಿಕಾಳದು, ಹೇಳಿಕೆ ಸುಜಯೀಂದ್ರನದು.

ಮಧ್ಯಾಹ್ನ 12.15ಕ್ಕೆ ಗುಡ್ಡದ ಮೇಲೆ ಪಂಚನಾಮೆ ನಡೆಯಿತು. ಗಾಳಿ ಎಂಥದ್ದೆಂದರೆ ಹೆಡ್ ಕಾನ್‌ಸ್ಟೇಬಲ್ ಜಂಬಪ್ಪ ಕಾಗದದ ಮೇಲೆ ಕಲ್ಲಿಟ್ಟು ಬರೆಯಬೇಕಾಯಿತು. ಕಾಣುವುದನ್ನೆಲ್ಲ ಬರೆಸುವುದು ಲಕ್ಷ್ಮಿಕಾಂತನ ಚಟ. ಬೀಗ ಗರಗಸದಿಂದ ಕತ್ತರಿಸಿದ್ದು, ಪೆಟ್ಟಿಗೆ ಖಾಲಿ, ಮೇಲಿನ ಅಲ್ಯೂಮಿನಿಯಂ ಟೊಪ್ಪಿಗೆ ಇಲ್ಲ, ಒಳಗೆ ತಳದಲ್ಲಿ ಎರಡು ಬೆರಳಗಲದ ಮಣ್ಣಿನ ಗೂಡು, ಮೂಲೆಯಲ್ಲಿ ಜೇಡರ ಬಲೆ. ಜಂಬಪ್ಪ ಬೈದುಕೊಂಡೇ ಎಲ್ಲಾ ಬರೆದ. ಪಂಚರಾಗಿ ಬಂದ ಇಬ್ಬರು ಹೊಲದವರು ಸಹಿ ಮಾಡಿ ಇಳಿದು ಹೋದರು.

ಮರುದಿನ, ನವೆಂಬರ್ 11ರ ಬೆಳಿಗ್ಗೆ 11.30ಕ್ಕೆ ಯರ್ರೆಪ್ಪನ ಗುಡಿಸಲ ಶೋಧವಾಯಿತು. ಪಂಪು ಸಿಗಲಿಲ್ಲ. ಆದರೆ ಅವನ ಹೆಂಡತಿ ಹುಸೇನಮ್ಮ ಅಂಬಲಿ ಗಡಿಗೆಯ ಮೇಲೆ ಮುಚ್ಚಿದ್ದ ಮುಚ್ಚಳ ನೋಡಿ ಜಂಬಪ್ಪ ನಕ್ಕೇಬಿಟ್ಟ. ಅದೇ ಅಲ್ಯೂಮಿನಿಯಂ ಟೊಪ್ಪಿಗೆ! ಯರ್ರೆಪ್ಪನನ್ನು ಜೀಪು ಹತ್ತಿಸಿದರು. ಇನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇಲ್ಲವೇ ಬಿಡಬೇಕು.

“ಟೊಪ್ಪಿಗೆ ಎಲ್ಲಿ ಸಿಕ್ಕಿತು?”

“ಗಾಳಿಗಿ ಹಾರಿ ಬಂದು ಕೆಳಗ ಬಿದ್ದಿತ್ರಿ ಸಾರ್.”

“ಯಾವಾಗ?”

“ಗಣೇಶನ ಹಬ್ಬ ಆಗಿ ನಾಕು ದಿನಕ್ಕ.”

“ಸುಳ್ಳು! ಮೊನ್ನೆ ತನಕ ಪಂಪು ಅಲ್ಲೇ ಇತ್ತು.”

“ಎಲ್ಲಿ ಇತ್ತ್ರಿ? ಹಬ್ಬದಿಂದ ಅದು ಗುಂಯ್ ಅನ್ನೋದು ನಿಂತೈತಿ. ಮೊದ್ಲ ನನ್ನ ಕುರಿ ಆ ಸಪ್ಪಳಕ್ಕ ಹೋಗಿ ಡಬ್ಬಿ ಸುತ್ತ ಮಲಗ್ತಿದ್ವು. ಈಗ ಒಂದೂ ಆ ಕಡೆ ಹೋಗಂಗಿಲ್ಲ.”

ಕುರಿಗಳ ಸಾಕ್ಷ್ಯ ಎಂದು ಜಂಬಪ್ಪ ಗೊಣಗಿದ. ಅಷ್ಟರಲ್ಲಿ ಡಿ.ಎಸ್.ಪಿ. ಕಚೇರಿಯಿಂದ ಫೋನು. “ಏಮಯ್ಯಾ, ದೊಂಗ ದೊರಿಕಾಡಾ?” ಕಳ್ಳ ಸಿಕ್ಕನೇ ಎಂದು ಕೇಳಿದ ದನಿಗೆ ಲಕ್ಷ್ಮಿಕಾಂತ್ ಒಬ್ಬ ಸಿಕ್ಕಿದ್ದಾನೆ ಎಂದ. ಹದಿನಾಲ್ಕರ ಮೊದಲು ಅವನನ್ನು ಜೈಲಿಗೆ ಕಳಿಸಿ ಮುಗಿಸು ಎಂಬ ಉತ್ತರ ಬಂತು.

ಸಂಜೆ ಹುಸೇನಮ್ಮ ಠಾಣೆಯ ಬೇವಿನ ಮರದ ಕೆಳಗೆ ಬಂದು ನಿಂತಳು. ನಾಲ್ಕು ಮೈಲಿ ನಡೆದು ಬಂದಿದ್ದಳು.

“ಸಾರ್, ನೂರಾ ಹತ್ತು ಕುರಿ ಅದಾವು. ಮರಿ ಹಾಕೋ ಕಾಲ, ಗುಡ್ಡದಾಗ ತೋಳ ತಿರಗಾಡತಾವು. ನಾ ಒಬ್ಬಾಕಿ ಯಾವ ಕಡಿ ನೋಡ್ಲಿ? ಅಂವ ಜೈಲಿಗಿ ಹೋದ್ರ ಒಂದ ವಾರದಾಗ ನಮ್ಮ ಹಟ್ಟಿ ಖಾಲಿ ಆಕ್ಕೈತಿ.”

“ನಾಳೆ ನೋಡೋಣ, ಹೋಗಮ್ಮ.”

“ನಾಳೆ ಅಂದ್ರ ನೀವು ಒಯ್ತೀರಂತಲ್ಲ, ಇವರು ಹೇಳಿದ್ರು.” ಇವರು ಎಂದರೆ ಜಂಬಪ್ಪ. ಬಾಯಿ ಬಿಡಬೇಡ ಎಂದು ಎಷ್ಟು ಸಲ ಹೇಳಿದರೂ ಆ ಮನುಷ್ಯನಿಗೆ ತಡೆಯುವುದಿಲ್ಲ.

ಅವಳು ಹೋದ ಮೇಲೆ ಲಕ್ಷ್ಮಿಕಾಂತನಿಗೆ ಎಲ್ಲೂ ನಿಲ್ಲಲಾಗಲಿಲ್ಲ. ಕೋಸಗಿಯಲ್ಲಿದ್ದಾಗ ಹೀಗೇ ಅವಸರದಲ್ಲಿ ಒಬ್ಬ ಕೂಲಿಯವನನ್ನು ಒಳಗೆ ಹಾಕಿದ್ದ. ಆರು ತಿಂಗಳ ಮೇಲೆ ನಿಜವಾದ ಕಳ್ಳ ಸಿಕ್ಕ. ಅಷ್ಟರಲ್ಲಿ ಕೂಲಿಯವನ ಸಂಸಾರ ಗುಳೆ ಎದ್ದು ಹೋಗಿತ್ತು, ಎಲ್ಲಿಗೆಂದು ಇವತ್ತಿಗೂ ಗೊತ್ತಿಲ್ಲ.

ನವೆಂಬರ್ 12, ಬೆಳಿಗ್ಗೆ 6.30. ಲಕ್ಷ್ಮಿಕಾಂತ್ ಚಹಾ ಕುಡಿಯುತ್ತ ತಾನೇ ಬರೆಸಿದ ಪಂಚನಾಮೆಯನ್ನು ನಿಂತುಕೊಂಡು ಓದಿದ. ‘ಒಳಗೆ ತಳದಲ್ಲಿ ಎರಡು ಬೆರಳಗಲದ ಮಣ್ಣಿನ ಗೂಡು’ ಎಂಬಲ್ಲಿ ಕಣ್ಣು ನಿಂತಿತು.

“ಜಂಬಪ್ಪಾ! ಪೆಟ್ಟಿಗೆಯಲ್ಲಿ ಆ ಗೂಡು ಎಲ್ಲಿತ್ತು?”

“ನಡುಮಧ್ಯ ಇತ್ರಿ. ಕಣಜದ ಗೂಡು. ಒಣಗಿ ಕಲ್ಲಾಗಿತ್ತು, ಹುಳ ಹಾರಿಹೋಗಿ ತೂತು ಬಿದ್ದಿತ್ತು.”

“ಪಂಪು ಎಲ್ಲಿ ಕೂರುತ್ತಿತ್ತು?”

“ನಡುಮಧ್ಯನ...” ಜಂಬಪ್ಪ ಅಲ್ಲಿಗೇ ನಿಲ್ಲಿಸಿ ತಲೆ ಕೆರೆದುಕೊಂಡ. “ಅಯ್ಯ ಇವನ! ಪಂಪು ಇದ್ರ ಹುಳ ಗೂಡು ಹೆಂಗ ಕಟ್ಟೀತು ಸಾರ್? ಕಟ್ಟಿ, ಮರಿ ದೊಡ್ಡದಾಗಿ ಹಾರಾಕ ತಿಂಗಳಾದ್ರೂ ಬೇಕು.”

ಅಂದರೆ ಕುರಿಗಳು ಹೇಳಿದ್ದೇ ಸರಿ. ನಿನ್ನೆಯಿಂದ ಒಬ್ಬ ಬಡಪಾಯಿಯನ್ನು ಸುಳ್ಳ ಎಂದು ಬೈದೆನಲ್ಲ ಎಂದು ಲಕ್ಷ್ಮಿಕಾಂತನಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೆ ಗೂಡೊಂದನ್ನು ಹಿಡಿದು ಡಿ.ಎಸ್.ಪಿ. ಮುಂದೆ ನಿಲ್ಲಲಾಗದು. ಪಂಪು ಗಣೇಶನ ಹಬ್ಬಕ್ಕೇ ಹೋಗಿದ್ದರೆ ಆಮೇಲಿನ ಎಪ್ಪತ್ತು ದಿನದ ಕಾಗದಗಳು ಎಲ್ಲಿಂದ ಬಂದವು?

8.10ಕ್ಕೆ ದೀಪಿಕಾ ಲ್ಯಾಪ್‌ಟಾಪ್ ಹಿಡಿದು ಬಂದಳು. ಕಾಗದಗಳ ಒಂದು ಕಟ್ಟನ್ನೂ ತಂದಿದ್ದಳು.

“ಮಿಣುಕಿನ ಎಣಿಕೆಯಲ್ಲಿ ಏನಾದರೂ ವ್ಯತ್ಯಾಸ?”

“ಇಲ್ಲ ಸರ್. ಜನವರಿಯಿಂದ ಹೆಚ್ಚುಕಡಿಮೆ ಒಂದೇ ಥರ.”

“ಕಪ್ಪು?”

ಆಕೆ ಲ್ಯಾಪ್‌ಟಾಪಿನಲ್ಲಿ ನಕ್ಷೆಯ ಗೆರೆ ತೋರಿಸಿದಳು. ಆಗಸ್ಟ್ 29ರವರೆಗೆ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. 30ರಿಂದ ಒಮ್ಮೆಲೇ ಏರಿತ್ತು. “ಹತ್ತಿರದಲ್ಲಿ ಯಾರೋ ಸೌದೆ ಸುಡ್ತಿದಾರೆ, ಕುರಿಯೋರು ಇರಬೇಕು ಅಂದ್ಕೊಂಡಿದ್ದೆ. ವಿಚಿತ್ರ ಅಂದ್ರೆ ಐದು ದಿನ ಮಾತ್ರ ಕಾಗದ ಬೆಳ್ಳಗಿದೆ. ಸೆಪ್ಟೆಂಬರ್ ಮೂರು, ಹದಿನೇಳು, ಅಕ್ಟೋಬರ್ ಮೂರು, ಹದಿನೇಳು, ನವೆಂಬರ್ ಎರಡು.”

“ಗಾಳಿ ದಿಕ್ಕು ಬದಲಾಗಿತ್ತಾ?”

“ಇಲ್ಲ, ಅದನ್ನೂ ನೋಡಿದೆ.”

ಲಕ್ಷ್ಮಿಕಾಂತ್ ಮೂರು ಸುತ್ತು ಹಾಕಿದ. ಕುರಿಯವರು ದಿನಾ ಅಡುಗೆ ಮಾಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಒಲೆ ಹಚ್ಚದವರು ಯಾರು? ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಶೋಭಾರಾಣಿ ಕೆಮ್ಮಿದಳು. ಆಕೆ ಆದೋನಿಯಲ್ಲಿ ಒಂದು ವೈಷ್ಣವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದಳು.

“ಸಾರ್, ಅಕ್ಟೋಬರ್ ಮೂರು ಅಂದ್ರ ದಸರಾ ಮರುದಿನ. ಅವತ್ತು ನಮ್ಮನ್ಯಾಗ ಗ್ಯಾಸ್ ಅಯಿಪೋಯಿಂದಿ, ಖಾಲಿ ಆತು. ಓನರ್ ಅಮ್ಮಗ ನೀರು ಕಾಸಿಕೊಡ್ರಿ ಅಂತ ಕೇಳಾಕ ಹೋದ್ರ, ‘ಇವತ್ತು ಏಕಾದಶಿ, ಒಲಿನೇ ಹಚ್ಚಿಲ್ಲವ್ವಾ’ ಅಂದ್ರು.”

ಲಕ್ಷ್ಮಿಕಾಂತ್ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದಲೇ ಕಿತ್ತು ಮೇಜಿನ ಮೇಲೆ ಹಾಕಿದ. ಮೊದಲ ನಾಲ್ಕು ದಿನಗಳೂ ಏಕಾದಶಿ. ಐದನೆಯದು? ನವೆಂಬರ್ ಒಂದರ ಮನೆಯಲ್ಲಿ ‘ಸ್ಮಾರ್ತ ಏಕಾದಶಿ’ ಎಂದಿತ್ತು. ಎರಡರ ಮನೆಯಲ್ಲಿ ‘ವೈಷ್ಣವ ಏಕಾದಶಿ’.

“ಕಾಗದ ಬೆಳ್ಳಗಿರೋದು ಎರಡಕ್ಕೇನಾ? ಸರಿಯಾಗಿ ನೋಡಿ.”

“ಎರಡಕ್ಕೇ ಸರ್.” ದೀಪಿಕಾಳ ದನಿ ಇಳಿಯಿತು. ಸುಜಯೀಂದ್ರನ ಹಣೆಯ ಅಂಗಾರ, ವೈಷ್ಣವರ ಆ ಗೆರೆ, ಆಕೆಗೂ ನೆನಪಾಗಿರಬೇಕು.

ಆದೋನಿಯ ಕಡೆ ಹೊರಟ ಜೀಪು ಆಸ್ಪರಿ ದಾಟುವಾಗ 9.15. ಚಾಲಕನಿಗೆ ಲಕ್ಷ್ಮಿಕಾಂತ್ ಹತ್ತು ಸಲ ‘ಬೇಗ’ ಅಂದಿರಬೇಕು. ಹನ್ನೊಂದೂವರೆಗೆ ಯರ್ರೆಪ್ಪನ ಗಡುವು ಮುಗಿಯುತ್ತಿತ್ತು. ಅವನನ್ನು ಕೋರ್ಟಿಗೆ ಕರೆದೊಯ್ಯುವ ಕಾಗದ ಠಾಣೆಯಲ್ಲಿ ಬರೆದು ಸಿದ್ಧವಾಗಿತ್ತು.

ಆದೋನಿಯ ಹಳೇ ಬೀದಿಯಲ್ಲಿ ಸುಜಯೀಂದ್ರನ ಕಲ್ಲುಮನೆ. 10.05ಕ್ಕೆ ಇಬ್ಬರು ನೆರೆಯವರನ್ನು ಪಂಚರನ್ನಾಗಿ ಕರೆದು, ಶೋಧವನ್ನು ಶೋಭಾರಾಣಿಯ ಫೋನಿನಲ್ಲಿ ಚಿತ್ರಿಸುತ್ತ ಒಳಗೆ ಹೋದರು. ಸುಜಯೀಂದ್ರ ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಪೊಲೀಸರನ್ನು ನೋಡಿ ನಿಂತ.

ಅಡುಗೆಮನೆ ಬಾಗಿಲಿಗೆ ಅವನ ತಾಯಿ ಸಕ್ಕೂಬಾಯಿ ಕೈ ಅಡ್ಡ ಹಿಡಿದಳು. ಎಪ್ಪತ್ತೆಂಟರ ಮುದುಕಿ, ದನಿ ಮಾತ್ರ ಗಟ್ಟಿ. “ಒಳಗ ಬರಬ್ಯಾಡ್ರಿ, ಮಡಿ ಅದ! ದೇವರ ನೈವೇದ್ಯ ಇನ್ನೂ ಆಗಿಲ್ಲ.”

“ಬರಲ್ಲಮ್ಮ. ಇಲ್ಲೇ ನಿಲ್ತೀವಿ.” ಸೌದೆ ಒಲೆಯ ಹೊಗೆಯಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ ಊದುಗೊಳವೆ ಊದುತ್ತ ಕೆಮ್ಮುತ್ತಿದ್ದಳು. ಅವಳ ಊದು ನಿಂತಾಗ ಸೌದೆಯ ರಾಶಿಯ ಹಿಂದಿನಿಂದ ಸಣ್ಣ ಸದ್ದು ಕೇಳಿತು. ಗುಂಯ್.

“ಅದೇನಮ್ಮ?”

“ಅದಾ? ನನ್ನ ಮಗಾ ಇಟ್ಟಾನ. ಗಾಳಿ ಶುದ್ಧ ಮಾಡೋದಂತ.” ಮುದುಕಿಗೆ ಮುಚ್ಚಿಡಬೇಕೆಂಬುದೇ ಗೊತ್ತಿರಲಿಲ್ಲ.

ಆ ಹುಡುಗಿ, ಮೊಮ್ಮಗಳು ವಿಷ್ಣುಪ್ರಿಯಾ, ಪಂಪನ್ನು ಎತ್ತಿ ಹೊಸ್ತಿಲ ಆಚೆ ತಂದಿಟ್ಟಳು. ದೂರು ಕೊಟ್ಟು ಎರಡು ದಿನವಾದರೂ ಆ ಪುಣ್ಯಾತ್ಮ ಅದನ್ನು ನಿಲ್ಲಿಸಿರಲಿಲ್ಲ! ಕ್ರಮಸಂಖ್ಯೆ ತಾಳೆಯಾಯಿತು. ಮೆಟ್ಟಿಲ ಕೆಳಗೆ, ಮೇಡಂ ತಪಾಸಣೆಗೆ ಬರುವ ಮೊದಲು ಬೀಗ ಕತ್ತರಿಸಿದ ಗರಗಸವೂ ಸಿಕ್ಕಿತು. 10.50ಕ್ಕೆ ಸುಜಯೀಂದ್ರನ ಬಂಧನ, ನಂಬಿಕೆದ್ರೋಹ ಮತ್ತು ಸುಳ್ಳು ಆರೋಪದ ಕಲಮುಗಳ ಅಡಿ. ಲಕ್ಷ್ಮಿಕಾಂತ್ ಬೀದಿಗೆ ಬಂದು ಜಂಬಪ್ಪನಿಗೆ ಫೋನು ಮಾಡಿದ.

“ಯರ್ರೆಪ್ಪನ್ನ ಬಿಡು. ಈಗಲೇ. ಗುಡ್ಡದ ತನಕ ಬೈಕಿನಲ್ಲಿ ನೀನೇ ಬಿಟ್ಟು ಬಾ. ನಾನು ತಪ್ಪು ಮಾಡಿದೆ ಅಂತ ಹೇಳು.”

“ಹೇಳ್ಲೇಬೇಕಾ ಸಾರ್?”

“ಹೇಳು.”

ಮಧ್ಯಾಹ್ನ 1.20, ಠಾಣೆ. ಲಕ್ಷ್ಮಿಕಾಂತ್ ಮತ್ತು ಸುಜಯೀಂದ್ರ ಇಬ್ಬರೂ ನಿಂತಿದ್ದರು. ದೀಪಿಕಾ ಮೂಲೆಯಲ್ಲಿ ಕೂತಿದ್ದಳು. ಸಕ್ಕೂಬಾಯಿ ಬಾಗಿಲ ಆಚೆಯ ಬೆಂಚಿನ ಮೇಲೆ, ಮೊಮ್ಮಗಳ ಪಕ್ಕ.

“ಪಂಪು ಯಾಕೆ ಮನೆಗೆ ಒಯ್ದೆ?”

“ಗುಡ್ಡಕ್ಕ ಹೋಗೋದು ನನ್ನ ಕೈಲೆ ಆಗಲಿಲ್ಲರಿ.”

“ಯಾಕೆ?”

ಸುಜಯೀಂದ್ರ ತಡೆದು ತಡೆದು ಹೇಳಿದ. ಜನವರಿಯಲ್ಲಿ ಕೆಲಸಕ್ಕೆ ಸೇರಿದ. ಏಪ್ರಿಲ್‌ನಲ್ಲಿ ಹೆಂಡತಿ ಶ್ರೀಪ್ರಿಯಾಳಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದರು, ಜೂನ್‌ನಲ್ಲಿ ಆಕೆ ತೀರಿಕೊಂಡಳು. ಆಗಸ್ಟ್‌ನಲ್ಲಿ ಒಂದು ದಿನ ಯಂತ್ರದ ಎಣಿಕೆ ಸರಿಯಿದೆಯೋ ನೋಡಲು ಮೊದಲ ಸಲ ಭೂತಗನ್ನಡಿಯಲ್ಲಿ ಇಣುಕಿದ.

“ದೇವರ ಕೋಣ್ಯಾಗ ಬಾಗಿಲಾ ಹಾಕ್ಕೊಂಡು ಕೂತಿದ್ದೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮ್ಯಾಲೆ ಕಂಡವ್ರಿ. ಒಂದರ ಹಿಂದ ಒಂದು, ಪಳಕ್ ಪಳಕ್. ಅಲ್ಲೀತನಕ ಅದು ಬರೇ ನಂಬರ್ ಆಗಿತ್ತು. ಆಕಿ ದಿನಾ ನನ್ನ ಅರಬಿ ಮಡೀಲೆ ಒಗೀತಿದ್ಲು ಸಾರ್. ಗುಡ್ಡದ ಧೂಳಿನ ಅರಬಿ. ನಾನೇ ಹೊತಗೊಂಡು ಬಂದು ಆಕಿಗೆ ಕೊಟ್ಟೆ.”

“ಅದಕ್ಕೆ ಮನೆಯ ಗಾಳಿ ಹಿಡಿದೆಯಾ?”

“ಮನೀ ಗಾಳಿಯೊಳಗ ಇರಂಗಿಲ್ಲ ಅಂದ್ಕೊಂಡೆ. ಖಾಲಿ ಎಣಿಕಿ ಬಂದ್ರ ಏನರೆ ಬರದು ಕಳಿಸೋಣ ಅಂತಿದ್ದೆ. ಆದ್ರ ಅಲ್ಲೂ ಮಿಣುಕು! ಪಡಸಾಲ್ಯಾಗ ಇಟ್ಟೆ, ಹಿತ್ತಲಾಗ ಇಟ್ಟೆ, ಒಲಿ ಹತ್ರ ಇಟ್ಟೆ, ಬೆಂಕಿಗರೆ ಸುಟ್ಟು ಹೋದೀತು ಅಂತ. ಎಲ್ಲಿಟ್ರೂ ನಿಲ್ಲವಲ್ದು. ಮನೀ ತುಂಬ ನಾನೇ ಹರಡಿಬಿಟ್ಟೇನಿ ಅನಸ್ತು. ಮಗಳೂ ಕೆಮ್ಮಲಿಕ್ಕೆ ಹತ್ಯಾಳ. ದಿನಾ ಎಣಿಸೋದು ಬಿಡಲಿಕ್ಕೂ ಆಗಲಿಲ್ಲ.”

“ಅಷ್ಟು ಭಯದ ಗುಡ್ಡ ಆಗಿದ್ದರೆ ಅಲ್ಲಿ ಕುರಿ ಕಾಯೋನಿಗೆ ಯಾಕೆ ಹೇಳಲಿಲ್ಲ? ಹೇಳೋದು ಬಿಟ್ಟು ಅವನ ಮೇಲೇ ಕಳ್ಳತನ ಹೊರಿಸಿದೆಯಲ್ಲ!”

ಆ ಪ್ರಶ್ನೆಯ ಉತ್ತರದ ಜಾಗ ಕೇಸ್ ಡೈರಿಯಲ್ಲಿ ಇವತ್ತಿಗೂ ಖಾಲಿ ಇದೆ.

ದೀಪಿಕಾ ಎದ್ದು ಬಂದಳು. ಅವಳ ಕಣ್ಣು ತುಂಬಿತ್ತು. “ಸುಜಯೀಂದ್ರ ಅವರೇ, ಗುಡ್ಡದಲ್ಲಿ ಎಷ್ಟಿತ್ತೋ ನಿಮ್ಮ ಮನೆಯಲ್ಲೂ ಅಷ್ಟೇ ಇದೆ. ಅದು ಕಲ್ಲಿನಲ್ಲಿ, ಮಣ್ಣಿನಲ್ಲಿ ಮೊದಲಿಂದ ಇರೋದು. ನೀವು ತಂದದ್ದಲ್ಲ. ಏಪ್ರಿಲ್‌ಗೆ ನೀವು ಕೆಲಸಕ್ಕೆ ಸೇರಿ ಮೂರೇ ತಿಂಗಳು, ಅವರ ರೋಗ ಅದಕ್ಕೂ ಎಷ್ಟೋ ವರ್ಷ ಹಿಂದೆ ಶುರುವಾದದ್ದು. ಆ ಬಟ್ಟೆಯಿಂದ ಬರಲು ಸಾಧ್ಯವೇ ಇಲ್ಲ.”

“ಖರೇನಾ ಮೇಡಂ? ನನ್ನಿಂದ ಅಲ್ಲಾ?”

“ಅಲ್ಲ. ಮೊದಲ ದಿನವೇ ಇದನ್ನು ಹೇಳಬೇಕಿತ್ತು. ಕಾಗದ ಬದಲಿಸೋದು ಕಲಿಸಿದೆ, ಇದನ್ನ ಹೇಳಲಿಲ್ಲ. ಅದು ನನ್ನ ತಪ್ಪು.”

ಸುಜಯೀಂದ್ರ ಕುರ್ಚಿಯ ಬೆನ್ನು ಹಿಡಿದ. ಮೂರು ದಿನದಲ್ಲಿ ಮೊದಲ ಸಲ ಕೂತ. ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ.

“ಹಂಗಾದ್ರ ಯಾತರಿಂದ ಬಂತು?” ಅಳುತ್ತಲೇ ಕೇಳಿದ.

ದೀಪಿಕಾ ಮೇಜಿನ ಕಡೆ ತಿರುಗಿದಳು. ಅದರ ಮೇಲೆ ಎಪ್ಪತ್ತಕ್ಕೂ ಹೆಚ್ಚು ಕಾಗದಗಳಿದ್ದವು. ಐದು ಬಿಳಿ, ಉಳಿದವು ಬಾಣಲೆ ತಳದಷ್ಟು ಕಪ್ಪು. ಲಕ್ಷ್ಮಿಕಾಂತ್ ಅವನ್ನು ನೋಡಿದ, ಬಾಗಿಲಾಚೆ ಕೂತ ಸಕ್ಕೂಬಾಯಿಯನ್ನು ನೋಡಿದ. ಗ್ಯಾಸು ಮಡಿಗೆ ಆಗದು ಎಂದು ಸೊಸೆಯನ್ನು ಇಪ್ಪತ್ತೆರಡು ವರ್ಷ ಆ ಒಲೆಯ ಮುಂದೆ ಕೂರಿಸಿದ ಮುದುಕಿ ಈಗ ಮಗನ ಅಳು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಪಕ್ಕದಲ್ಲಿ ವಿಷ್ಣುಪ್ರಿಯಾ ಕೆಮ್ಮಿದಳು.

“ಅದು ಗೊತ್ತಿಲ್ಲ,” ಲಕ್ಷ್ಮಿಕಾಂತನೇ ಹೇಳಿದ. ಕಾಗದಗಳನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿದ.

ಸಂಜೆ 5.30ಕ್ಕೆ ಸುಜಯೀಂದ್ರನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಹದಿನಾಲ್ಕರ ವಿಚಾರಣೆ ಮುಂದಕ್ಕೆ ಹೋಯಿತು, ಗಾಳಿಯ ಲೆಕ್ಕ ಮತ್ತೆ ಮೊದಲಿಂದ. ಜಂಬಪ್ಪ ಗುಡ್ಡದಿಂದ ಬಂದವನು, ಹುಸೇನಮ್ಮ ಗಡಿಗೆಯ ಮುಚ್ಚಳ ವಾಪಸು ಕೇಳುತ್ತಿದ್ದಾಳೆ, ಎರಡು ಮರಿ ತೋಳದ ಪಾಲಾದವು ಎಂದೂ ಬೈದಳು ಎಂದ. ಲಕ್ಷ್ಮಿಕಾಂತ್ ಠಾಣೆಯ ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದು ಅವನ ಕೈಗಿಟ್ಟ. ಮರಿಗಳಿಗೆ ಏನು ಕೊಡುವುದೆಂದು ಅವನಿಗೆ ತಿಳಿಯಲಿಲ್ಲ.

ಮನೆಗೆ ಹೊರಟಿದ್ದ ಶೋಭಾರಾಣಿಯನ್ನು ಅವನು ಮೆಟ್ಟಿಲ ಹತ್ತಿರ ತಡೆದ.

“ಆದೋನಿಗೆ ಹೋಗ್ತೀಯಲ್ಲ, ಆ ಹುಡುಗಿಯನ್ನ ಒಂದು ಸಲ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಒಲೆ ಬಿಡು ಅಂತ ಹೇಳು. ಅಜ್ಜಿ ಒಪ್ಪದಿದ್ದರೆ ಪೊಲೀಸ್ ಆರ್ಡರ್ ಅನ್ನು.”

“ಆ ಹುಡುಗಿ ತನ್ನ ಅಮ್ಮನ ವಿಷಯ ಕೇಳಿದ್ರ ಏನು ಹೇಳ್ಲಿ ಸಾರ್?”

ಲಕ್ಷ್ಮಿಕಾಂತ್ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ.

“ಸತ್ತವರ ಮಾತು ಎತ್ತಬೇಡ,” ಎಂದ. “ಒಲೆಯದಷ್ಟೇ ಹೇಳು.”